ಪುಣೆಯಿಂದ ಬಂದ ಪರಲೋಕದ ಟೊಪ್ಪಿಗೆ

ಹೊಸ ಯಂತ್ರ ಯಾವುದೇ ಬರಲಿ, ನಮ್ಮ ಮಂದಿ ಮೊದಲು ಅದಕ್ಕೆ ಕುಂಕುಮ ಹಚ್ಚುತ್ತಾರೆ, ಆಮೇಲೆ ಒಳಗೆ ಯಾರಿದ್ದಾರೆ ಅಂತ ವಿಚಾರಿಸುತ್ತಾರೆ. ನೌಕರಿಯಿಂದ ನಿವೃತ್ತನಾದ ಮೇಲೆ ಇಂಥದ್ದನ್ನು ಕಣ್ತುಂಬ ನೋಡುವುದೇ ನನ್ನ ಉದ್ಯೋಗವಾಯಿತು. ಏನು ಸುಖ ಅಂತೀರಿ!

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಸಿಂದಗಿಯಲ್ಲಿ ನನ್ನ ಬಾಲ್ಯದ ಗೆಳೆಯನದೊಂದು ವಿಡಿಯೋ ಗೇಮಿನ ಅಂಗಡಿ. ಮನೆಮನೆಗೂ ಗೇಮ್ ಬಂದು ಅಂಗಡಿಗೆ ನೊಣವೂ ಬಾರದಂತಾಗಿತ್ತು. ಅವನು ಇದ್ದಬದ್ದ ಟಿವಿಗಳನ್ನೆಲ್ಲ ಮಾರಿ, ಪುಣೆಯಿಂದ ಒಂದು ಕಂಪ್ಯೂಟರನ್ನೂ ಅದಕ್ಕೆ ವೈರಿನಿಂದ ಜೋತುಬಿದ್ದ ಕರಿ ಟೊಪ್ಪಿಗೆಯನ್ನೂ ತಂದ. ವರ್ಚುವಲ್ ರಿಯಾಲಿಟಿ!

"ಇಷ್ಟ ದಿನ ಆಟಾ ಹೊರಗ ನಿಂತು ನೋಡಿದ್ವಿ. ಇನ್ನ ಆಟದ ಒಳಗ ಹೋಗೂದು," ಅಂದ. "ಇದೂ ನಡೀಲಿಲ್ಲಂದ್ರ ನನ್ನ ಅಂಗಡಿ ಬಾಗಲಾ ಕಾಯಂ ಬಂದ್ ನೋಡು."

ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಿ ಹೇಳಲು ಬಿ.ಎಸ್ಸಿ. ಪಾಸಾದ ನಾನು ಬೆನ್ನುಹತ್ತಿದೆ. ಟೊಪ್ಪಿಗೆ ಹಾಕಿಕೊಂಡರೆ ಕಣ್ಣ ಮುಂದೆ ಒಂದು ಹಾಳೂರು: ಮಂಜು, ಕಲ್ಲುಮನೆಗಳು, ಅರೆತೆರೆದ ಬಾಗಿಲುಗಳು. ತಲೆ ತಿರುಗಿಸಿದರೆ ಆ ಓಣಿಯೂ ತಿರುಗುತ್ತದೆ, ಕೈಯಲ್ಲಿನ ಗುಂಡಿ ಒತ್ತಿದರೆ ಮುಂದೆ ನಡೆಯುತ್ತೀರಿ. ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಇಂಡಿಯ ಚಪ್ಪಲಿ

ಊರೂರು ತಿರುಗಿ ಆಟ ತೋರಿಸುವುದೆಂದು ಮೊದಲು ಪಕ್ಕದ ಇಂಡಿ ಪಟ್ಟಣದಲ್ಲಿ ಒಂದು ಕೋಣೆ ಹಿಡಿದೆವು. ಮೊದಲ ಗಿರಾಕಿ ನಿಂಬೆಹಣ್ಣಿನ ವ್ಯಾಪಾರಿ. ಆಟದೊಳಗೆ ಒಂದು ಮನೆಯ ತನಕ ಹೋದವನು ಗಕ್ಕನೆ ನಿಂತು, ಕಾಲಿನ ಚಪ್ಪಲಿ ಬಿಟ್ಟು, "ಯಾರದೀರಿ ಒಳಗ?" ಅಂತ ಕೂಗಿದ.

"ಹೋಗ್ರಿ ಒಳಗ," ಅಂದ ಗೆಳೆಯ.

"ಮನಿಯವರು ಬರ್ರಿ ಅನ್ನಲಾರ್ದ ಹೆಂಗ ಹೋಗೂದ್ರೀ? ನಾಯಿಯೇನು ನಾನು?"

ಬಹಳ ಹೊತ್ತು ಕಾದು, ಟೊಪ್ಪಿಗೆ ತೆಗೆದು, ಚಪ್ಪಲಿಗಾಗಿ ಕಾಲಾಡಿಸಿದ. ಇಲ್ಲ! ಕೋಣೆಯಲ್ಲಿದ್ದವರು ನಾವು ಮೂವರೇ, ಬಾಗಿಲಿಗೆ ಒಳಗಿನಿಂದ ಚಿಲಕ. ಮೇಜಿನ ಬುಡ, ಮೂಲೆ, ಎಲ್ಲ ತಡಕಿದೆವು. ನಾನು ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿದೆ. ವ್ಯಾಪಾರಿಗೆ ಮಾತ್ರ ಏನೂ ಅನ್ನಿಸಲಿಲ್ಲ.

"ಅಲ್ಲೇ ಬಾಗಲಾಗ ಬಿಟ್ಟು ಬಂದೇನಲ್ರಿ. ಇರ್ಲಿ ಬಿಡ್ರಿ, ಮನಿ ದೊಡ್ಡದೈತಿ, ಚಪ್ಪಲಿ ಕದಿಯೂ ಮಂದಿ ಅಲ್ಲ," ಎಂದು ಬರಿಗಾಲಲ್ಲೇ ಹೊರಟುಹೋದ.

ಸಿಂದಗಿ: ಸತ್ತವರು ಯಾರು?

ಮರಳಿ ನಮ್ಮ ಸ್ವಂತ ಊರಿಗೆ ಬಂದಾಗ ಕಿರಾಣಿ ಅಂಗಡಿಯವನೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಟೊಪ್ಪಿಗೆ ಹಾಕಿಕೊಂಡು ಅತ್ತಿತ್ತ ನೋಡಿ ಖುಷಿಪಟ್ಟಳು. ಆಮೇಲೆ ತಲೆ ಬಗ್ಗಿಸಿ ಕೆಳಗೆ ನೋಡಿಕೊಂಡಳು. ಆ ಯಂತ್ರ ಊರು ತೋರಿಸುತ್ತದೆಯೇ ಹೊರತು ನೋಡುವವರ ಮೈ ತೋರಿಸುವುದಿಲ್ಲ.

"ಏನ್ರೀ! ನನ್ನ ಕಾಲ ಇಲ್ಲ! ಕೈನೂ ಇಲ್ಲ! ದೆವ್ವಕ್ಕ ಪಾದ ಹಿಂದಮುಂದರ ಇರ್ತಾವಂತ, ನನಗ ಪಾದನ ಇಲ್ಲಲ್ರೀ!"

"ಹೆದರಬ್ಯಾಡ. ಇಲ್ಲೇ ನಿನ್ನ ಬಾಜೂಕ ನಿಂತೇನಿ," ಅಂದ ಗಂಡ.

ಆಕೆ ಅತ್ತ ತಿರುಗಿದಳು. ಕಂಡದ್ದು ಬರೀ ಮಂಜು. "ಧ್ವನಿ ಬರಾಕತ್ತೇತಿ, ನೀವಿಲ್ಲ! ಮೊದ್ಲ ಸತ್ತವರು ನೀವೋ ನಾನೋ, ಅಷ್ಟ ಹೇಳಿಬಿಡ್ರಿ!"

ಮುದ್ದೇಬಿಹಾಳದ ಕೆಮ್ಮು

ಇದು ಪರಲೋಕದ ಪೆಟ್ಟಿಗೆ ಅನ್ನುವ ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತಿ ಮುದ್ದೇಬಿಹಾಳ ಮುಟ್ಟಿತ್ತು. ಯಾರೂ ಸುಳಿಯಲಿಲ್ಲ. ಕೊನೆಗೆ ನಡುವಯಸ್ಸಿನ ಟೇಲರ್ ಒಬ್ಬ ಬಂದು ಮೆಲ್ಲಗೆ ಕೇಳಿದ: "ತೀರಿಹೋದ ನಮ್ಮಪ್ಪ ಒಳಗ ಸಿಗ್ತಾನೇನ್ರಿ? ನನಗ ಬೈಕೋಂತನ ಜೀವಾ ಬಿಟ್ಟ. ಬೈಗಳ ಅರ್ಧಕ್ಕ ನಿಂತೈತಿ. ಉಳಿದದ್ದೇನು ಅಂತ ತಲಿ ಕೊರದೈತ್ರಿ."

ಬೇಡವೆಂದರೂ ಕೇಳದೆ ಟೊಪ್ಪಿಗೆ ಹಾಕಿಕೊಂಡ. ತುಸು ಹೊತ್ತಿಗೆ ಬೆವೆತು ಕಿತ್ತಿಟ್ಟ.

"ಅಪ್ಪ ಕಾಣಲಿಲ್ರಿ. ಆದ್ರ ಒಂದು ಬಾಗಲದ ಹಿಂದ ಕೆಮ್ಮಿದ. ಅವನ ಕೆಮ್ಮ ನನಗ ಗೊತ್ತಿಲ್ಲೇನು?"

ಗೆಳೆಯ ನನ್ನ ಕಿವಿಯಲ್ಲಿ ಉಸುರಿದ: "ಈ ಟೊಪ್ಪಿಗಿಗೆ ಆವಾಜ ಬರೂ ವ್ಯವಸ್ಥಾನ ಇಲ್ಲೋ."

"ಮತ್ತ ಬಾಗಲಾ ತಗದು ಒಳಗ ಯಾಕ ಹೋಗಲಿಲ್ಲ?" ಅಂತ ನಾನು ಕೇಳಿದೆ.

"ಹುಚ್ಚರೇನ್ರಿ ನೀವು? ಬೈಯೂದು ಇನ್ನೂ ಅರ್ಧಾ ಬಾಕಿ ಐತಲ್ರಿ!"

ಬಸವನ ಬಾಗೇವಾಡಿಯ ಪಂಚಾಯಿತಿ

ಬಾಗೇವಾಡಿಯಲ್ಲಿ ಹಿರಿಯರೇ ಗುಂಪುಗೂಡಿ ಕೋಣೆಗೆ ಬಂದರು. ಒಳಗಿರುವುದು ದೆವ್ವವೋ ಅಲ್ಲವೋ ಇತ್ಯರ್ಥವಾಗಬೇಕು. ದೆವ್ವವಾದರೆ ಪೆಟ್ಟಿಗೆ ಊರು ಬಿಡಬೇಕು. ಇಲ್ಲಿ ಬೇಡವೆಂದರೆ ಉಳಿದ ಊರುಗಳೂ ಬೇಡವೆನ್ನುತ್ತವೆ. ಗೆಳೆಯನ ಮುಖ ಹುಣಸೆಹಣ್ಣಿನಂತಾಗಿತ್ತು.

ಎಲ್ಲರಿಗಿಂತ ಹಿರಿಯ ಅಜ್ಜ ತಲೆಗೆ ಸುತ್ತಿದ್ದ ಪಟಗ ಬಿಚ್ಚಿ ನನ್ನ ಕೈಗಿಟ್ಟ. "ನಾನ ಹೋಗಿ ನೋಡಿ ಬರ್ತೇನಿ. ನೀವೆಲ್ಲಾ ಸುಮ್ಮ ಕುಂದರ್ರಿ."

ಟೊಪ್ಪಿಗೆ ಹಾಕಿಕೊಂಡು ಹೊರಟ. ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ಕಂಪ್ಯೂಟರ್ ಸತ್ತಿತು, ಫ್ಯಾನ್ ನಿಂತಿತು. ಅಜ್ಜ ಮಾತ್ರ ನಿಲ್ಲಲಿಲ್ಲ. ಗುಂಡಿ ಒತ್ತುತ್ತಲೇ ಇದ್ದ. ಗಿಡ್ಡ ಬಾಗಿಲು ದಾಟುವಂತೆ ತಲೆ ಬಗ್ಗಿಸಿದ. "ನಮಸ್ಕಾರ್ರೀ… ಇಲ್ಲೇ, ಬಾಗೇವಾಡಿ… ಹೌದ್ರಿ… ಏ, ಚಾ ಬ್ಯಾಡ್ರೀ, ಈಗರ ಕುಡದು ಬಂದೇನಿ…"

ಒಬ್ಬ ಹಿರಿಯ ನನ್ನ ತೋಳು ಹಿಡಿದವನು ಬಿಡಲೇ ಇಲ್ಲ.

ಕಡೆಗೆ ಅಜ್ಜ ಯಾರಿಗೋ ಕೈಮುಗಿದು, ಟೊಪ್ಪಿಗೆ ತೆಗೆದು, ಪಟಗಕ್ಕೆ ಕೈಚಾಚಿದ.

"ಅಜ್ಜಾರ," ತೊದಲಿದ ಗೆಳೆಯ, "ಕರೆಂಟ್ ಹೋಗಿ ಭಾಳ ಹೊತ್ತಾತ್ರಿ."

"ಗೊತ್ತೈತೋ ತಮ್ಮಾ, ಅಲ್ಲೂ ಹೋಗೇತಿ. ಪಾಪ, ಕತ್ತಲದಾಗ ಕುಂತು ಲೈನ್‌ಮನ್‌ಗ ಬೈಯಾಕತ್ತಾರ." ಅಜ್ಜ ಹಿರಿಯರ ಕಡೆ ತಿರುಗಿ ತೀರ್ಪು ಕೊಟ್ಟ: "ದೆವ್ವಗೋಳಿಗೆ ಕರೆಂಟ್ ಯಾಕ ಬೇಕ್ರೋ? ಅವ್ರು ನಮ್ಮಂಥ ಮಂದೀನ. ಅಂಗಡಿ ನಡೀಲಿ!"