ಇಂಡಿಕಾ ಮನೆತನ

ನಿಂಗರಾಜನ ಮದುವೆಗೆ ಅಡ್ಡ ಬಂದದ್ದು ಅವನ ಅಡ್ಡಹೆಸರು. ಬೈಲಹೊಂಗಲದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅವನು ಕನ್ಯೆ ನೋಡಲು ಸವದತ್ತಿಗೆ ಬಂದಿದ್ದ. ಕಾಳಿನ ವ್ಯಾಪಾರಿ ಸಂಗಪ್ಪನ ಮಗಳು ಮೀನಾ ಉಪ್ಪಿಟ್ಟಿನ ತಾಟು ಕೊಡುತ್ತ ಒಮ್ಮೆ ನಕ್ಕಳು. ಮದುವೆಯಾದರೆ ಇವಳನ್ನೇ ಆಗುವುದು ಎಂದು ಅವನು ಅಲ್ಲೇ ನಿಶ್ಚಯಿಸಿಬಿಟ್ಟ.

"ನಿಮ್ಮ ಅಡ್ಡಹೆಸರೇನ್ರಿ?" ಎಂದು ಅಜ್ಜಿ ರಾಚವ್ವ ಕೇಳಿದಳು.

"ಕಟಕೋಳ."

ಆ ಮನೆಯವರೂ ಕಟಕೋಳರೇ. ವಿಷಯ ಮುಚ್ಚಿಟ್ಟು ಸಂಬಂಧ ತಂದಿದ್ದ ಬಸಯ್ಯ ಮೇಲೆ ನೋಡಿ ತೊಲೆ ಎಣಿಸತೊಡಗಿದ.

"ಹೋದ ತಿಂಗಳ ಬಂದ ರಾಮದುರ್ಗದ ಓವರ್‌ಸಿಯರೂ ಕಟಕೋಳನ. ಎಂಥಾ ಚಲೋ ಹುಡುಗ. ಒಂದ ಹೆಸರಿನವರು ಅಣ್ಣ-ತಂಗಿ ಆಗತಾರಂತ ಬಿಟ್ಟಿವಿ," ಎಂದು ರಾಚವ್ವ ನಿಟ್ಟುಸಿರಿಟ್ಟಳು.

ಕಿಟಕಿಯಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಬೀರವ್ವ ಆಗಲೇ ಒಳಗೆ ಬಂದಿದ್ದಳು. "ಇರ್ಲಿ ಬಿಡ್ರಿ. ಮೀನಾಗ ಅಣ್ಣ ಇದ್ದಿದ್ದಿಲ್ಲ. ನಾಗರ ಪಂಚಮಿಗೆ ಬಂದು ತಂಗೀನ ಜೋಕಾಲಿ ಆಡಸ್ಲಿ."

ನಿಂಗರಾಜನ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿಕೊಂಡಿತು. ನೀರು ಕುಡಿದು ಎಲ್ಲರನ್ನೂ ಹಿತ್ತಲಿಗೆ ಎಬ್ಬಿಸಿಕೊಂಡು ಹೋದ.

"ಇದು ಮಾವು, ಶಾಸ್ತ್ರದಾಗ ಮ್ಯಾಂಜಿಫೆರಾ ಇಂಡಿಕಾ. ಅದು ಹುಣಸಿ, ಟ್ಯಾಮರಿಂಡಸ್ ಇಂಡಿಕಾ. ಆ ಬೇವು, ಅಜಾಡಿರಾಕ್ಟಾ ಇಂಡಿಕಾ. ಮೂರಕ್ಕೂ ಅಡ್ಡಹೆಸರು ಒಂದ. ಇವು ಅಣ್ಣ-ತಮ್ಮರೇನ್ರಿ?"

ಬೀರವ್ವ ಮೂರೂ ಗಿಡಗಳನ್ನು ಪೊಲೀಸರಂತೆ ದಿಟ್ಟಿಸಿದಳು. "ಮಾರಿ ಹೋಲಂಗಿಲ್ಲ ಬಿಡ್ರಿ."

"ಇಂಡಿಕಾ ಅಂದ್ರ ಹಿಂದುಸ್ತಾನದ್ದು ಅಂತ, ಅಷ್ಟ. ಕಟಕೋಳ ಅಂದ್ರೂ ಆ ಊರಿಂದ ಬಂದವರು ಅಂತ, ಅಷ್ಟ. ನಮ್ಮ ಬೆಡಗು-ಗೋತ್ರ ಬ್ಯಾರೆ, ನಿಮ್ಮ ಬೆಡಗು-ಗೋತ್ರ ಬ್ಯಾರೆ."

ಹೇಳುವ ಭರದಲ್ಲಿ ಮಾವಿನ ಟೊಂಗೆ ಅಲುಗಿಸಿದ್ದ. ಕೆಂಪಿರುವೆಗಳು ಕಾಲರಿನೊಳಗೆ ಇಳಿದವು. ಕುಣಿಯುತ್ತಲೇ ಪಾಠ ಮುಗಿಸಿದ. ಮೀನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕಣ್ಣು ತೆರಸಿದ್ರಿ ಮಾಸ್ತರ," ಎಂದು ಸಂಗಪ್ಪ ಅವನ ಕೈ ಹಿಡಿದು ಅಲುಗಿಸಿ, ನೇರ ಒಳಗೆ ಹೋಗಿ ಫೋನು ತಿರುಗಿಸಿದ. ಮುಹೂರ್ತ ಕೇಳುತ್ತಿರಬೇಕೆಂದು ನಿಂಗರಾಜನ ಎದೆ ಹಿಗ್ಗಿತು.

"ಹಲೋ, ರಾಮದುರ್ಗ? ಓವರ್‌ಸಿಯರ್ ಅದಾರೇನ್ರಿ? ಹೆಸರಿಂದೇನೂ ತಕರಾರಿಲ್ಲಂತ ಈಗ ತಿಳೀತ್ರಿ. ನಾಳೆ ಎಲ್ಲಾರೂ ಬಂದುಬಿಡ್ರಿ."

ಫೋನಿಟ್ಟು ಹೊರಗೆ ಬಂದ ಸಂಗಪ್ಪನ ಮುಖ ಅರಳಿತ್ತು. "ನೀವೂ ನಾಳೆ ಬರಬೇಕ್ರಿ ಮಾಸ್ತರ. ಅವರ ಮಂದಿಗೂ ಈ ಗಿಡದ್ದು ತಿಳಿಸಿ ಹೇಳಬೇಕು."

ನಿಂಗರಾಜ ಚಪ್ಪಲಿ ಮೆಟ್ಟಿದ. ಬಾಗಿಲ ಮರೆಯಿಂದ ಮೀನಾಳ ದನಿ ಕೇಳಿತು.

"ನಾಳೆ ತಪ್ಪದ ಬರ್ರಿ. ಬೇವಿನ ಪೂರ್ತಿ ಹೆಸರು ಹೇಳಿದವರನ್ನ ಆಗತೇನಿ ಅಂತ ಅಪ್ಪಗ ಹೇಳತೇನಿ. ಓವರ್‌ಸಿಯರ್ ಸೋಲೋತನಕ ನೀವು ಮಾತ್ರ ಬಾಯಿ ಬಿಡಬ್ಯಾಡ್ರಿ."

ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಕಾಲರಿನೊಳಗಿನ ಇರುವೆಗಳು ಅವನಿಗೆ ನೆನಪಾಗಲಿಲ್ಲ.