ಎಂಟು ದಿನದ ವಾಗ್ಮಿ

ಈ ಸಲ ನನ್ನ ಮಾತಿಗೆ ಮೀಟಿಂಗ್ ಕೋಣೆಯ ಗೋಡೆಗಳೂ ತಲೆದೂಗಬೇಕು! ಹಾಗೆಂದು ಘೋರ ಪ್ರತಿಜ್ಞೆ ಮಾಡಿಬಿಟ್ಟೆ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮುಖ್ಯಸ್ಥ. ನಮ್ಮ ಮಷೀನು ಹಿಂಡುವುದನ್ನು ನಿಲ್ಲಿಸಿ ಆರು ತಿಂಗಳಾಗಿತ್ತು. ಅಷ್ಟೂ ಬಟ್ಟೆಯನ್ನು ನಾವು ಐದು ಜನ ಕೈಯಲ್ಲೇ ಹಿಂಡುತ್ತಿದ್ದೆವು. ಹೊಸದು ಬೇಕಾದರೆ ನಿರ್ದೇಶಕರ ಮುಂದೆ ಹತ್ತು ನಿಮಿಷ ಮಾತಾಡಿ ಒಪ್ಪಿಸಬೇಕು. ಹಿಂದಿನ ಸಲ "ಸಾರ್... ಅದು... ಏನಂದ್ರೆ..." ಅಂದು ಕೂತುಬಿಟ್ಟಿದ್ದೆ.

"ಎಂಟು ದಿನ ಅಭ್ಯಾಸ ಮಾಡ್ತೀನಿ. ನೀನೇ ಸಭೆ!" ಎಂದು ಹೆಂಡತಿಗೆ ಆಜ್ಞಾಪಿಸಿದೆ.

"ಸಭೆಗೆ ಈರುಳ್ಳಿ ಹೆಚ್ಚೋದಿದೆ."

"ಹೆಚ್ಚುತ್ತಾ ಕೇಳು. ಮಾನ್ಯರೇ!"

"ಮೆಲ್ಲಗೆ ರೀ, ಪಕ್ಕದ ಮನೆ ಮಗು ಎದ್ದೀತು. ಕೈ ಯಾಕೆ ಹಾಗೆ ಬೀಸ್ತೀರಿ, ನೊಣ ಓಡಿಸ್ತಿದೀರಾ?"

ಮಹಾನ್ ವಾಗ್ಮಿಗಳಿಗೆ ಇಂಥ ಅಡೆತಡೆ ಇದ್ದದ್ದೇ! ಸ್ನಾನದ ಮನೆಯಲ್ಲಿ, ಮಹಡಿಯ ಮೇಲೆ, ಊಟದ ಮಧ್ಯೆ ಗುಡುಗಿದೆ. ಮೀಟಿಂಗಿನ ದಿನ ಬೆಳಿಗ್ಗೆ ಎದ್ದು "ಮಾನ್ಯರೇ" ಅಂದರೆ ಬರೀ ಗಾಳಿ ಬಂತು. ಗಂಟಲು ಕೈಕೊಟ್ಟಿತ್ತು!

ಉಪ್ಪುನೀರು ಮುಕ್ಕಳಿಸಿಕೊಂಡೇ ಹೋದೆ. ಎದ್ದು ನಿಂತು ಗಂಟಲು ತೋರಿಸಿದೆ.

"ಹಾಗಾದ್ರೆ ಮುಂದಿನ ವರ್ಷ ನೋಡೋಣ," ಎಂದು ನಿರ್ದೇಶಕರು ಫೈಲು ಮುಚ್ಚಿದರು.

ಇನ್ನೊಂದು ವರ್ಷ ಕೈಯಲ್ಲೇ ಹಿಂಡುವುದೇ? ಹೆಂಡತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ಭಾಷಣ... ನೀನೇ..." ಎಂದು ಉಸುರಿದೆ.

"ಅದಾ? ನನಗೆ ಬಾಯಿಪಾಠ ಆಗಿದೆ," ಎಂದವಳೇ ಶುರು ಮಾಡಿಬಿಟ್ಟಳು! "ಮಾನ್ಯರೇ! ದಿನಕ್ಕೆ ನಾನೂರು ಬೆಡ್‌ಶೀಟು! ಇಲ್ಲಿ ಇವರು ಮೇಜು ಕುಟ್ತಾರೆ, ಕುಟ್ಟಿದ್ರು ಅಂದ್ಕೊಳ್ಳಿ. ಆಮೇಲೆ ಮೂರು ಗಾದೆ ಬರುತ್ತೆ, ಬಿಟ್ಬಿಡ್ತೀನಿ. ಅಲ್ಲಿಗೆ ಬಂದ್ರೆ ನನಗೇ ನಿದ್ದೆ ಬರುತ್ತೆ."

ಸಭೆ ಬಿದ್ದು ಬಿದ್ದು ನಕ್ಕಿತು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

"ಕೊನೇದು ಭಾಷಣದಲ್ಲಿಲ್ಲ ಸಾರ್," ಎನ್ನುವಾಗ ಅವಳ ದನಿ ತಗ್ಗಿತು. "ಸಂಜೆ ಮನೆಗೆ ಬಂದ್ರೆ ಅಂಗಿ ಗುಂಡಿ ಬಿಚ್ಚೋಕೂ ಇವರ ಬೆರಳು ಮಡಚಲ್ಲ. ನಾನೇ ಬಿಚ್ತೀನಿ. ಇದೊಂದನ್ನ ಇವರು ಯಾರಿಗೂ ಹೇಳಲ್ಲ."

ಯಾರೂ ನಗಲಿಲ್ಲ. ನಾನು ಕೈಗಳನ್ನು ಮೇಜಿನ ಕೆಳಗೆ ಸರಿಸಿಕೊಂಡೆ. ನಿರ್ದೇಶಕರು ಫೈಲು ತೆರೆದು ಸಹಿ ಹಾಕಿದರು.

ಸಂಜೆ ಮನೆಗೆ ಬಂದು ಅವಳನ್ನು ಹೊಗಳೋಣವೆಂದು ಬಾಯಿ ತೆರೆದೆ.

"ಸಾಕು ಸುಮ್ನಿರಿ!" ಎಂದಳು. "ಎಂಟು ದಿನ ಬಾಯಿ ಬಡ್ಕೊಂಡ್ರಿ, ಗಂಟಲು ಹೋಯ್ತು. ಒಂದೇ ದಿನ ಮುಚ್ಚಿದ್ರಿ ನೋಡಿ, ಮಷೀನೇ ಬಂತು!"