ಚಿಗವ್ವ ದೆವ್ವವಾದ ಸಿನಿಮಾ

ಹೆದರಿಕೆಯ ವಿಷಯದಲ್ಲಿ ಮನುಷ್ಯ ಹೇಳುವಷ್ಟು ಸುಳ್ಳನ್ನು ತನ್ನ ವಯಸ್ಸಿನ ವಿಷಯದಲ್ಲೂ ಹೇಳುವುದಿಲ್ಲ. ಕುಕನೂರಿನ ಬಳಿ ನಾನು ವಿಜ್ಞಾನ ಕಲಿಸುವ ಶಾಲೆಯಲ್ಲಿ ಒಂದು ದೆವ್ವದ ಕಥೆಗಳ ಪುಸ್ತಕವಿದೆ. ಮುಖಪುಟದ ತುಂಬ ಎರಡು ಕಣ್ಣು, ಬೇರೇನೂ ಇಲ್ಲ. ಅದನ್ನು ಒಯ್ದವರೆಲ್ಲ ಮರುದಿನವೇ ತಂದು ಮೇಜಿನ ಮೇಲೆ ಬೋರಲು ಇಟ್ಟು, "ಓದಿ ಮುಗೀತ್ರಿ ಸರ್, ಏನೂ ಅನಸಲಿಲ್ಲ" ಎನ್ನುತ್ತಾರೆ. ಹೀಗೆ ಏನೂ ಅನಿಸದವರಲ್ಲಿ ಇಬ್ಬರು ಮಾಸ್ತರರೂ ಇದ್ದಾರೆ. ಹೋದ ತಿಂಗಳು ಊಟದ ಬಿಡುವಿನಲ್ಲಿ ಯಾರಿಗೆ ಯಾವ ಸಿನಿಮಾ ಹೆದರಿಸಿತ್ತು ಎಂಬ ಮಾತು ಬಂತು. ಒಬ್ಬೊಬ್ಬರೂ ರಕ್ತ, ಸ್ಮಶಾನ, ಬೀಗ ಜಡಿದ ಕೋಣೆ ಎಂದು ದೊಡ್ಡ ದೊಡ್ಡ ಸಿನಿಮಾಗಳನ್ನೇ ಹೇಳಿದರು. ನಾನು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಗಂಗಾವತಿಯಲ್ಲಿ ಒಂದೇ ವಾರ ಓಡಿದ ಆ ಸಿನಿಮಾದಲ್ಲಿ ದೆವ್ವ ಬರುವುದೇ ಅರ್ಧ ನಿಮಿಷ. ಆ ದೆವ್ವ ನಮ್ಮ ಚಿಗವ್ವ ಎಂಬುದನ್ನು ಮಾತ್ರ ನಾನು ಅವರಿಗೆ ಹೇಳಲಿಲ್ಲ.

ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ. ನಮ್ಮದು ಆನೆಗೊಂದಿ. ಅವ್ವ ಗದ್ದೆಗೆ ಹೋದರೆ ಹೊತ್ತು ಮುಳುಗಿದ ಮೇಲೆಯೇ ಬರುತ್ತಿದ್ದಳು. ಹೀಗಾಗಿ ನನಗೆ ಎರೆದು, ಉಣಿಸಿ, ಬೈದು ಬೆಳೆಸಿದವಳು ಚಿಗವ್ವನೇ. ಆಕೆಗೆ ಮಕ್ಕಳಿರಲಿಲ್ಲ. ಕೂದಲು ಮಾತ್ರ ಮೊಣಕಾಲಿನವರೆಗೆ ಇತ್ತು. ಕೈತುತ್ತು ಕೊಡುವಾಗ ಪ್ರತಿ ತುತ್ತಿಗೂ ಒಂದೊಂದು ಹೆಸರಿಟ್ಟು, ಇದು ಮುತ್ಯಾಂದು, ಇದು ಎತ್ತಿಂದು ಎಂದು ನನ್ನ ಹೊಟ್ಟೆ ಸಿಡಿಯುವವರೆಗೆ ಉಣಿಸುತ್ತಿದ್ದಳು.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಸಿನಿಮಾದವರು ಬಂದರು. ನಮ್ಮ ಬಂಡೆಗಲ್ಲಿನ ಗುಡ್ಡ ಕಂಡ ಸಿನಿಮಾದವರಿಗೆ ಒಂದೋ ದೇವರು ನೆನಪಾಗುತ್ತಾನೆ, ಇಲ್ಲವೇ ದೆವ್ವ. ಇವರಿಗೆ ದೆವ್ವ ನೆನಪಾಗಿತ್ತು. ತಂದಿದ್ದ ಕೃತಕ ಕೂದಲು ದಾರಿಯಲ್ಲಿ ನೆನೆದು ಹಾಳಾಗಿತ್ತಂತೆ. ಹೊಳೆಯಿಂದ ತಲೆ ತೊಳೆದುಕೊಂಡು ಬರುತ್ತಿದ್ದ ಚಿಗವ್ವನನ್ನು ನೋಡಿ ಅವರು ನೇರ ಮನೆಗೇ ಬಂದರು. ಕಾಕಾ ಬಹಳ ಯೋಚಿಸಿ ಒಂದು ಷರತ್ತು ಹಾಕಿದ. "ಕೂದಲಾ ಎಷ್ಟ ಬೇಕಾದ್ರೂ ತೋರಸ್ರಿ. ಮುಖಾ ಮಾತ್ರ ತೋರಸಬಾರದು ನೋಡ್ರಿ. ನಾಳೆ ನಾಲ್ಕು ಮಂದ್ಯಾಗ ತಿರುಗಾಡಾಂವ ನಾನು."

ಮರುದಿನ ಮಟಮಟ ಮಧ್ಯಾಹ್ನ ಚಿಗವ್ವ ಬಿಳಿ ಸೀರೆ ಉಟ್ಟು, ಕೂದಲು ಬಿಚ್ಚಿ, ಬಂಡೆಯ ಮೇಲೆ ಅತ್ತ ಮುಖಮಾಡಿ ಕೂತಳು. ಬಂಡೆ ಕಾದಿತ್ತು, ಹೀಗಾಗಿ ಸೀರೆಯ ಕೆಳಗೆ ಗೋಣಿಚೀಲ ಹಾಸಿದ್ದರು. ತೆಂಗಿನ ನಾರು ಸುಟ್ಟು ಮೊರದಿಂದ ಹೊಗೆ ಬೀಸಿದವನು ಸ್ವತಃ ಕಾಕಾ. ಇದನ್ನೆಲ್ಲ ನಾನು ಬಾಳೆಹಣ್ಣು ತಿನ್ನುತ್ತ ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಮುಂದೆ ಆದದ್ದಕ್ಕೆ ನನಗೆ ಯಾವ ಕ್ಷಮೆಯೂ ಇಲ್ಲ.

ಸಿನಿಮಾ ಬಂದಾಗ ಮನೆಮಂದಿಯೆಲ್ಲ ಗಂಗಾವತಿಗೆ ಮ್ಯಾಟಿನಿಗೆ ಹೋದೆವು. ಪರದೆಯ ಮೇಲೆ ಆ ಮಧ್ಯಾಹ್ನ ಅಮಾವಾಸ್ಯೆಯ ರಾತ್ರಿಯಾಗಿತ್ತು. ನಾಯಕ ಮೂರು ಸಲ ಕರೆದ. ಬಂಡೆಯ ಮೇಲೆ ಕೂತವಳು ತಿರುಗಲೇ ಇಲ್ಲ. ಮುಖ ತೋರಿಸಬಾರದು ಎಂದಿದ್ದ ಕಾಕಾ ಎದ್ದು ನಿಂತು, "ನಮ್ಮನಿಯಾಕಿ, ನಮ್ಮನಿಯಾಕಿ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದ. ಚಿಗವ್ವ ನಾಚಿ ಅವನ ಅಂಗಿ ಹಿಡಿದು ಜಗ್ಗಿದಳು. ನಾನು ಆಕೆಯ ತೊಡೆಯ ಮೇಲಿದ್ದೆ. ಮೆಲ್ಲಗೆ ಇಳಿದು ಅವ್ವನ ಹತ್ತಿರ ಹೋದೆ. ಪರದೆಯ ಮೇಲಿರುವುದು ಚಿಗವ್ವನೇ ಎಂದು ನನಗೆ ಗೊತ್ತಿತ್ತು. ತಿರುಗಿದ ಮೇಲೂ ಚಿಗವ್ವನೇ ಆಗಿರುತ್ತಾಳೆ ಎಂಬುದಕ್ಕೆ ಮಾತ್ರ ನನ್ನ ಬಳಿ ಯಾವ ಖಾತ್ರಿಯೂ ಇರಲಿಲ್ಲ.

ನಮ್ಮ ಮನೆಯಲ್ಲಿ ಮಣ್ಣಿನ ಒಲೆ ಹಿಂದಿನ ಗೋಡೆಗೆ ಅಂಟಿತ್ತು. ಅಡುಗೆ ಮಾಡುವವರ ಬೆನ್ನು ಬಾಗಿಲಿಗೆ. ನಾನು ಶಾಲೆಯಿಂದ ಬಂದು ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ, ಆ ಬೆನ್ನು ಕಾಣುತ್ತಿದ್ದಂತೆ ಓಟ. ಚಿಗವ್ವ ಬೆನ್ನಟ್ಟಿ ಬಂದು, "ತಮ್ಮಾ, ಇಲ್ಲಿ ನೋಡೊ, ನಾನಽ ಅದೀನಿ" ಎಂದರೆ ಇನ್ನೂ ಜೋರಾಗಿ ಓಟ. ಆಕೆಯ ಕೈತುತ್ತು ಬಿಟ್ಟೆ. ತಿಂಗಳುಗಟ್ಟಲೆ ಅವ್ವ ಬರುವವರೆಗೆ ಉಪವಾಸ ಕೂತೆ. ಒಂದು ಸಂಜೆ ಚಿಗವ್ವ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಹಡೀಲಾರದಾಕಿಗೆ ಇದೊಂದು ಕೂಸಿತ್ತಕ್ಕಾ. ಅದನ್ನೂ ಸಿನಿಮಾದವ್ರಿಗೆ ಕೊಟ್ಟು ಕುಂತೆ." ಕೇಳಿ ನನಗೆ ದುಃಖವಾಯಿತು. ಆದರೂ ಹತ್ತಿರ ಹೋಗಲಿಲ್ಲ.

ಒಂದು ದಿನ ಶಾಲೆಯಿಂದ ಬಂದರೆ ಮನೆಯಲ್ಲಿ ಜಗಳ. ಚಿಗವ್ವ ಹಳೆಯ ಒಲೆ ಒಡೆದು ಅಡುಗೆಮನೆಯ ನಡುವೆ ಹೊಸದು ಕಟ್ಟಿದ್ದಳು. ಅಜ್ಜಿ ಬೆಂಕಿಯಾಗಿದ್ದಳು. "ಅಡಗಿಮನಿ ನಡುವ ಯಾರರ ಒಲಿ ಹಾಕ್ತಾರೇನು? ನೋಡಿದವ್ರು ಏನಂದಾರು?" ಎಂದರೆ ಚಿಗವ್ವ, "ಅಲ್ಲಿ ಹೊಗಿ ಭಾಳ ಆಗ್ತಿತ್ರಿ ಅತ್ತಿ" ಎಂದು ಒಂದೇ ಮಾತು ಹೇಳಿದಳು. ಎಷ್ಟೋ ವರ್ಷ ಅಜ್ಜಿಯ ಬೈಗುಳ ತಿಂದಳೇ ಹೊರತು ಆ ಒಲೆ ಕದಲಿಸಲಿಲ್ಲ. ಸುಮಾರು ಅದೇ ಹೊತ್ತಿಗೆ ನನ್ನ ಹೆದರಿಕೆಯೂ ತಾನಾಗಿ ಬಿಟ್ಟುಹೋಯಿತು. ಬುದ್ಧಿ ಬಂತು, ಭಯ ಹೋಯಿತು ಎಂದುಕೊಂಡೆ. ವಿಚಾರ ಮಾಡಿದರೆ ಭಯ ತಾನೇ ಓಡುತ್ತದೆ ಎಂದು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಹೇಳುತ್ತಲೂ ಬಂದಿದ್ದೇನೆ.

ಮೊನ್ನೆ ಆ ಸಿನಿಮಾ ಮೊಬೈಲಿನಲ್ಲಿ ಸಿಕ್ಕಿತು. ರವಿವಾರ ಆನೆಗೊಂದಿಗೆ ಹೋಗಿ ಚಿಗವ್ವನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇಷ್ಟಽ ಏನು? ಅವತ್ತ ಮುಖಕ್ಕ ಪೌಡರ್ ಹಚ್ಕೊಂಡ ಹೋಗಿದ್ನೆಪಾ, ಗಾಳಿಗೆ ಕೂದಲಾ ಹಾರಿ ಒಮ್ಮೆರ ಮುಖ ಕಂಡೀತು ಅಂತ" ಎಂದಳು. ಮೊಬೈಲು ನನ್ನ ಕೈಗೆ ಕೊಟ್ಟು, "ಈ ಅರ್ಧ ನಿಮಿಷದ ಸಲುವಾಗಿ ಒಲಿ ಕಿತ್ತ ಹಾಕಬೇಕಾತು" ಎಂದಳು.

"ಹೊಗಿ ಆಗ್ತಿತ್ತಲ್ಲ ಚಿಗವ್ವ?"

"ಗ್ವಾಡಿ ಕಡೆ ಇದ್ದಾಗ ಹೊಗಿ ಎಲ್ಲಿತ್ತೊ? ಕಿಂಡಿ ಇತ್ತಲ್ಲ. ನಡುವ ಹಾಕಿದ ಮ್ಯಾಲೆ ಕಣ್ಣ ಉರ್ಯಾಕ ಹತ್ತಿದ್ವು. ನೀ ಬಾಗಿಲಾಗ ಬಂದು ನಿಂತ್ರ ನನ್ನ ಮುಖಾ ಕಾಣಬೇಕಿತ್ತು, ಅಷ್ಟಽ."

ಆಕೆ ಎದ್ದು ರೊಟ್ಟಿ ಬೇಯಿಸಲು ನಿಂತಳು. ಈಗ ಕಟ್ಟೆಯ ಮೇಲೆ ಗ್ಯಾಸ್ ಒಲೆಯಿದೆ, ಗೋಡೆಗೆ ಮುಖಮಾಡಿಯೇ ನಿಲ್ಲಬೇಕು. "ಏನಪಾ, ಈ ಕಡೆ ತಿರುಗಿ ನಿಂದ್ರಲೇನು?" ಎಂದು ನಕ್ಕಳು. "ಬ್ಯಾಡ ಚಿಗವ್ವ, ಈಗ ನಾನು ಸಾಲಿ ಮಾಸ್ತರ ಅದೀನಿ" ಎಂದೆ. "ಹೌದಲ್ಲ" ಎಂದಳು. ಆದರೂ ಒಂದೊಂದು ರೊಟ್ಟಿ ಹಂಚಿಗೆ ಹಾಕಿದಾಗಲೂ ಕತ್ತು ಹೊರಳಿಸಿ ನನ್ನನ್ನೊಮ್ಮೆ ನೋಡುತ್ತಿದ್ದಳು. ಬೇಡ ಎಂದು ಇನ್ನೊಮ್ಮೆ ಹೇಳಬಹುದಿತ್ತು, ಹೇಳಲಿಲ್ಲ. ನಾಲ್ಕು ರೊಟ್ಟಿ ತಿಂದೆ. ನಾಲ್ಕು ಸಲವೂ ಆಕೆ ಈ ಕಡೆ ತಿರುಗಿದ ಮೇಲೆಯೇ ತುತ್ತು ಮುರಿದೆ.